ಕೊನೆಯ ಲಾರಿಯ ಕ್ಯೂಬು

ಧಕ್ಕೆಯ ಹಿಂದಿನ ಮನೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಪ್ಪಾ,

ಸೊಂಟನೋವು ಹೇಗಿದೆ? ಕ್ರೇನಿನ ಸೀಟಿಗೆ ದಿಂಬು ಹಾಕಿಕೊಂಡೆಯಾ, ಇಲ್ಲ ಇನ್ನೂ ಅದೇ ಜಂಬವಾ? ಆ ಬಂದರಿನ ಊಟ ಒಗ್ಗಿತೇ ಎಂದು ಅಮ್ಮ ಕೇಳುತ್ತಿದ್ದಾಳೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲೂ ಹೇಳಿದ್ದಾಳೆ. ಅದು ಅವಳ ಮಾತು, ನನ್ನದಲ್ಲ.

ಶಾಲೆ ಬಿಟ್ಟು ಅಲೆಯುತ್ತಿದ್ದ ನನಗೆ ಚಿಕ್ಕಪ್ಪ ಕೆಲಸ ಕೊಡಿಸಿದ, ತನ್ನ ಮನೆಯಲ್ಲಿ ಅಮ್ಮನಿಗೂ ನನಗೂ ಒಂದು ಕೋಣೆ ಬಿಟ್ಟುಕೊಟ್ಟ. ಬೀರು ತೆಗೆಯಬೇಕೆಂದರೆ ಒಬ್ಬರು ಮಂಚ ಹತ್ತಬೇಕು. ಕಿಟಕಿ ತೆರೆದರೆ ಗೋದಾಮಿನ ಗೋಡೆ. ಉಪಕಾರ ದೊಡ್ಡದು, ಅದಕ್ಕೇ ಉಸಿರು ಕಟ್ಟುತ್ತದೆ. ನನ್ನ ಕೆಲಸ ಇಷ್ಟು: ಲಾರಿಯಿಂದ ಇಳಿಯುವ ಕಾಂಕ್ರೀಟನ್ನು ಕಬ್ಬಿಣದ ಅಚ್ಚಿಗೆ ತುಂಬಿ, ಸಲಾಕೆಯಿಂದ ಕುಟ್ಟಿ, ಗಟ್ಟಿಯಾದ ಕ್ಯೂಬನ್ನು ನೀರಿನ ತೊಟ್ಟಿಯಲ್ಲಿ ಬಲಿಯಲು ಬಿಟ್ಟು, ಕೊನೆಗೆ ಯಂತ್ರದಲ್ಲಿಟ್ಟು ಒಡೆಯುವುದು. ಕ್ಯೂಬು ತಾಳಿದಷ್ಟು ಹಡಗು ನಿಲ್ಲುವ ಧಕ್ಕೆಯೂ ತಾಳುತ್ತದೆ ಎಂದು ಎಲ್ಲರ ನಂಬಿಕೆ. ಇಲ್ಲಿ ಮಾತ್ರ ಯಾವಾಗಲೂ ಮೊದಲ ಲಾರಿಯದನ್ನೇ ತುಂಬುವ ರೂಢಿ.

ಹೊಸ ಧಕ್ಕೆಯ ತುದಿಯ ಚಪ್ಪಡಿ ಹಾಕಿದ ದಿನ ಪಂಪು ಕೆಟ್ಟು, ಕೊನೆಯ ಲಾರಿ ಬಿಸಿಲಲ್ಲೇ ನಿಂತು ಮಾಲು ಬಿಗಿದುಕೊಂಡಿತು. ಮೇಸ್ತ್ರಿಯಾದ ಚಿಕ್ಕಪ್ಪ ಲಾರಿಯೊಳಗೆ ನೀರಿನ ಪೈಪು ಬಿಟ್ಟ. ನೀರು ಹೆಚ್ಚಾದರೆ ಕಾಂಕ್ರೀಟಿನ ಬಲ ಹೋಗುತ್ತದೆ, ಬೇಡವೆಂದೆ. “ತುತ್ತು ಗಂಟಲಲ್ಲಿ ಸಿಕ್ಕಿದ್ರೆ ನೀನು ನೀರು ಕುಡಿಯಲ್ವೇನೇ?” ಎಂದು ನಕ್ಕ. ನಾನು ಯಾರನ್ನೂ ಕೇಳದೆ ಆ ಲಾರಿಯದ್ದೂ ಒಂದು ಕ್ಯೂಬು ತುಂಬಿದೆ.

ನಿನ್ನೆ ಒಡೆದೆವು. ಮೊದಲ ಲಾರಿಯವು ಯಂತ್ರವನ್ನೇ ನರಳಿಸಿದವು. ನನ್ನದು ಅರ್ಧ ಭಾರಕ್ಕೇ ಕುಸಿಯಿತು. ಒಳಗಿನ ಜಲ್ಲಿ ತೊಳೆದಿಟ್ಟಂತೆ ಕಳಚಿ ಬಂತು. “ಯಾರೂ ಕೇಳದ ಕ್ಯೂಬು, ಎಸೆದುಬಿಡು” ಎಂದ ಚಿಕ್ಕಪ್ಪ. ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ: “ಚಪ್ಪಡಿ ಕೆಡವಿಸಿದ್ರೆ ನನ್ನ ಕೆಲಸ ಹೋಗುತ್ತೆ. ಈ ಮನೇನೂ ಆ ಕೆಲಸದ ಜೊತೆ ಬಂದಿದ್ದು. ಅತ್ತಿಗೇನ ಎಲ್ಲಿ ಮಲಗಿಸ್ತೀಯಮ್ಮಾ?” ಗದರಿಸಿದ್ದರೆ ಜಗಳವಾಡಬಹುದಿತ್ತು. ಮೆಲ್ಲಗೆ ಹೇಳಿದವನ ಜೊತೆ ಏನು ಮಾಡಲಿ?

ಮುಂದಿನ ತಿಂಗಳು ಕ್ರೇನ್ ತಂದು ನಿಲ್ಲಿಸಬೇಕೆಂದು ನಿನ್ನನ್ನು ಕರೆಸುತ್ತಿರುವುದು ಅದೇ ಚಪ್ಪಡಿಯ ಮೇಲೆ, ಅಪ್ಪಾ. ನಾವೆಲ್ಲ ಒಟ್ಟಿಗಿರಲಿ ಎಂದು ಸಾಹೇಬರ ಕಾಲು ಹಿಡಿದು ನಿನಗೆ ಆ ಕೆಲಸ ಗೊತ್ತುಮಾಡಿದ್ದೂ ಚಿಕ್ಕಪ್ಪನೇ. ಬಾಯಿ ಬಿಟ್ಟರೆ ಅವನು ಬೀದಿಗೆ, ನಾವೂ ಬೀದಿಗೆ. ಬಿಡದಿದ್ದರೆ ನೀನು ಆ ಚಪ್ಪಡಿಯ ಮೇಲೆ.

ಅಮ್ಮ ನಿನಗೆ ವೇಳೆಗೆ ಸರಿಯಾಗಿ ಮಾತ್ರೆ ನುಂಗಲು ಹೇಳಿದ್ದಾಳೆ. ಮೈ ಜೋಪಾನ.

ನಿನ್ನ ಮೊಂಡಿ ಮಗಳು

ಮರೆತ ಮಾತು: ಕಾಗದ ಮುಚ್ಚುವ ಮೊದಲು ಚಿಕ್ಕಪ್ಪನ ಕೈಗೇ ಕೊಟ್ಟೆ. ಅವನ ಬೆನ್ನ ಹಿಂದೆ ಬರೆದದ್ದಾಗಬಾರದು. ಎರಡು ಸಲ ಓದಿದ. “ಅಣ್ಣನಿಗೆ ಬರಬೇಡ ಅಂತ ಬರಿ. ಇಂಜಿನಿಯರಿಗೆ ಮಾತ್ರ ಹೇಳಬೇಡ” ಎಂದ. “ನನ್ನಪ್ಪ ಬರದಿದ್ರೆ ಬೇರೆ ಯಾರದೋ ಅಪ್ಪ ಬರ್ತಾನಲ್ಲ” ಎಂದೆ. ಅವನು ಕಾಗದ ಮಡಿಸಿ ನನ್ನ ಕೈಗಿಟ್ಟ. ಬೆಳಿಗ್ಗೆ ಇಂಜಿನಿಯರ ಬಳಿ ಹೋಗುತ್ತೇನೆ. ಅಮ್ಮ ಪಾತ್ರೆ ಕಟ್ಟುತ್ತಿದ್ದಾಳೆ, ನನ್ನ ಮುಖ ನೋಡುತ್ತಿಲ್ಲ. ಉತ್ತರವನ್ನು ಈ ವಿಳಾಸಕ್ಕೆ ಬರೆಯಬೇಡ.