ಹಿಂದಿನ ಸೀಟಿನ ಮುಚ್ಚಳ

ನವೆಂಬರ್ ೯, ಭಾನುವಾರ

ಯಾವ ಕಾರು ಎಂದು ನಾಳೆ ಹೇಳಲೇಬೇಕು. ಇವತ್ತು ಎರಡನ್ನೂ ಓಡಿಸಿ ನೋಡಿದೆವು. ಎರಡಕ್ಕೂ ಮೂರು ಸಾಲು ಸೀಟು. ಬಿಳಿಯದರ ಕೊನೆಯ ಸಾಲಿಗೆ ನುಸುಳುವುದೇ ಕಷ್ಟ, ಆದರೆ ಡಿಕ್ಕಿ ದೊಡ್ಡದು. ನೀಲಿಯದರಲ್ಲಿ ಹಿಂದೆ ಕೂತವರು ಕಾಲು ಚಾಚಬಹುದು, ಸಾಮಾನಿಗೆ ಜಾಗ ಸಾಲದು. "ಡಿಕ್ಕಿ ನೋಡು ಮಾರಾಯ್ತಿ," ಎಂದು ಇವರದು ಒಂದೇ ರಾಗ.

ನೀಲಿ ಕಾರು ಹಂಪ್ ಹತ್ತಿದಾಗ, ನಡುವಿನ ಸಾಲಿನಲ್ಲಿದ್ದ ನನ್ನ ಕೈ ತಾನಾಗಿ ಹಿಂದಕ್ಕೆ ಹೋಯಿತು. ಘಾಜಿಯಾಬಾದಿನ ಮನೆಯಿಂದ ಕರೋಲ್ ಬಾಗಿನ ನಮ್ಮ ಹೋಟೆಲಿಗೆ ಹನ್ನೊಂದು ವರ್ಷಗಳ ಕಾಲ ಹಳೆಯ ವ್ಯಾನಿನಲ್ಲಿ ಇಡ್ಲಿ ಹಿಟ್ಟು ಸಾಗಿಸಿದ ಕೈ ಅದು. ಹುಳಿ ಬಂದ ಹಿಟ್ಟು ಪ್ರತಿ ಹಂಪಿಗೂ ಉಕ್ಕುತ್ತಿತ್ತು. ಹಿಂದಿನ ಸೀಟಿನಲ್ಲಿ ಪಾತ್ರೆ, ಅದರ ಪಕ್ಕ ಶಾಲೆಗೆ ಹೊರಟ ಮಗಳು ನಿರೀಕ್ಷಾ. "ಮುಚ್ಚಳ ಹಿಡಿ ಮಗಾ," ಎಂದು ದಾರಿಯುದ್ದಕ್ಕೂ ಕೂಗುತ್ತಿದ್ದೆ. ಅವಳ ಯೂನಿಫಾರ್ಮು ಎಷ್ಟು ಒಗೆದರೂ ಹುಳಿ ವಾಸನೆ ಹೋಗುತ್ತಿರಲಿಲ್ಲ.

ಈಗ ಹೋಟೆಲಿನಲ್ಲೇ ಗ್ರೈಂಡರ್ ಇದೆ. ಹಿಂದೆ ಚಾಚಿದ ಕೈ ಎಳೆದುಕೊಳ್ಳಲು ನಾಚಿಕೆಯಾಯಿತು.

ಅಷ್ಟರಲ್ಲಿ ಕೊನೆಯ ಸಾಲಿನಿಂದ ಇಪ್ಪತ್ತಾರರ ನಿರೀಕ್ಷಾ ಹೇಳಿದಳು: "ಪಕಡ್ ಲಿಯಾ ಅಮ್ಮ. ಮುಚ್ಚಳ ಹಿಡ್ಕೊಂಡಿದ್ದೇನೆ."

ಡಿಕ್ಕಿ ಎಷ್ಟೇ ದೊಡ್ಡದಿರಲಿ, ಅಲ್ಲಿಂದ ಯಾರೂ ಉತ್ತರ ಕೊಡುವುದಿಲ್ಲ. ಇವರಿಗೆ ಇದನ್ನು ಹೇಗೆ...