ಏಳನೆಯ ಕುರ್ಚಿ

ಜನವರಿ 22, 1975, ಬುಧವಾರ

ಸೀಗಡಿಯ ಚಿಪ್ಪು ಬಿಡಿಸಿ ಬಿಡಿಸಿ ಬೆರಳೆಲ್ಲ ಉರಿ. ನಾಳೆಯೂ ಅದೇ ಶೆಡ್ಡು. ಆದರೂ ಬರೆಯಲೇಬೇಕು. ನಮ್ಮ ಲೂಸಿಯಾನದ ಜ್ಯೂರಿ ಕಾನೂನು ಇನ್ನು ನಡೆಯುವುದಿಲ್ಲ ಎಂದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆಯಂತೆ. ರೇಡಿಯೋದಲ್ಲಿ ಬಂತು. ಇಷ್ಟು ದಿನ ಕೇಸು ಕೇಳಿ ತಪ್ಪು ಒಪ್ಪು ಹೇಳುವ ಜ್ಯೂರಿಯಲ್ಲಿ ಕೂರಲು ಗಂಡಸರಿಗೆ ಕರೆ ತಾನಾಗಿ ಬರುತ್ತಿತ್ತು. ಹೆಂಗಸಾದರೆ ಮೊದಲೇ ಹೋಗಿ ‘ನನ್ನನ್ನೂ ಕರೆಯಿರಿ’ ಎಂದು ಬರೆದುಕೊಡಬೇಕಿತ್ತು. ಯಾರು ಕೊಡುತ್ತಾರೆ...

ನಾನು ಹೋಗಿದ್ದೆ. ಹದಿನೇಳು ವರ್ಷದ ಹಿಂದೆ. ತಂಗಿ ಕ್ಲೋಟಿಲ್ಡ್ ಗಂಡನ ಹೊಡೆತ ತಾಳಲಾರದೆ ಬಾಣಲೆ ಬೀಸಿದ್ದಳು. ಹನ್ನೆರಡು ಗಂಡಸರು ಕೂತು ಅರ್ಧ ಗಂಟೆಯಲ್ಲಿ ಮುಗಿಸಿದರು. ಮೂರು ವರ್ಷ ಜೈಲು. ಆಮೇಲೆ ಹೆಸರು ಬರೆಸಲು ಹೋದರೆ, ಗಂಡನನ್ನು ಕೇಳಿದ್ದೀಯಾ ಅಂದ ಗುಮಾಸ್ತ. ವಾಪಸ್ಸು ಬಂದೆ. ನನ್ನ ಗಂಡ ಆಲ್ಸಿಡ್‌ಗೆ ಇವತ್ತಿಗೂ ಹೇಳಿಲ್ಲ.

ಮಾರ್ಚ್ 19, ಬುಧವಾರ

ಕರೆ ಬಂತು. ‘ಮಿಸೆಸ್ ಆಲ್ಸಿಡ್’ ಎಂದಲ್ಲ, ನನ್ನದೇ ಹೆಸರು — ಯೂಲಾಲಿ ಮೆಲಾನ್ಸಾನ್. ಏಪ್ರಿಲ್ ಏಳು, ಸೋಮವಾರ. ನನ್ನ ಗಂಡ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇವರಿಗೆ ಸೋಮವಾರವೇ ಬೇಕಿತ್ತಾ? ಸೋಮವಾರದ ಬಟ್ಟೆ ಯಾರು ಒಗೀತಾರೆ, ಸೋಮವಾರದ ಕೆಂಪು ಬೀನ್ಸ್ ಯಾರು ಬೇಯಿಸ್ತಾರೆ?”

“ನೀನೇ. ಒಲೆ ಏನೂ ಕಚ್ಚಲ್ಲ.”

ನಕ್ಕ. ಆ ನಗುವಿನ ಧೈರ್ಯದಲ್ಲಿ ಹಳೆಯ ಕಥೆ ಹೇಳಿಬಿಟ್ಟೆ. ಲಕೋಟೆಯನ್ನು ಮೇಜಿನ ಮೇಲಿಟ್ಟ.

“ಆಗ ಕೇಳಿದ್ರೆ ನಾನು ಬೇಡ ಅಂತಿದ್ದೆ ಮಾರಾಯ್ತಿ.”

ನಿಜ ಹೇಳಿದ. ಅದಕ್ಕೇ ಕೋಪ ಬರಲಿಲ್ಲ.

ಏಪ್ರಿಲ್ 6, ಭಾನುವಾರ

ನೀಲಿ ಗೌನು ಇಸ್ತ್ರಿ ಆಯಿತು. ಬೀನ್ಸ್ ನೆನೆಹಾಕಿ, ಹಂದಿ ಮೂಳೆ ಯಾವಾಗ ಹಾಕಬೇಕೆಂದು ಅವನಿಗೆ ಎರಡು ಸಲ ಹೇಳಿಕೊಟ್ಟೆ. ಹೆದರಿಕೆ ಅದಲ್ಲ. ನಿಮ್ಮ ಮನೆಯವರು ಯಾರಾದರೂ ಜೈಲಿಗೆ ಹೋಗಿದ್ದಾರಾ ಎಂದು ಕೇಳೇ ಕೇಳುತ್ತಾರಂತೆ. ಹೇಳಿದರೆ ಮನೆಗೆ ಕಳಿಸುತ್ತಾರೆ. ಹೇಳದಿದ್ದರೆ...

ಕ್ಲೋಟಿಲ್ಡ್‌ಗೆ ಫೋನು ಮಾಡಿದೆ. ಹ್ಯೂಸ್ಟನ್ನಿನಲ್ಲಿ ಸ್ವಂತ ಬ್ಯೂಟಿ ಪಾರ್ಲರು ಈಗ, ಸುಖವಾಗಿದ್ದಾಳೆ. “ನನ್ನ ಮುಚ್ಚಿಡಬೇಡ ಅಕ್ಕಾ,” ಅಂದಳು. “ಸುಳ್ಳು ಹೇಳಿ ಕೂತ್ರೆ ಆ ಕುರ್ಚಿ ನಿಂದಾಗಲ್ಲ.”

ಏಪ್ರಿಲ್ 7, ಸೋಮವಾರ, ಸಂಜೆ

ಕೂತೆ. ಏಳನೆಯ ಕುರ್ಚಿ. ಗಂಡಸರ ಅಳತೆಗೆ ಮಾಡಿದ್ದು, ನನ್ನ ಕಾಲು ನೆಲಕ್ಕೆ ಎಟುಕುವುದಿಲ್ಲ. ಹನ್ನೆರಡರಲ್ಲಿ ಐವರು ಹೆಂಗಸರು.

ವಕೀಲರು ಕೇಳಿದರು. ತಂಗಿಯ ವಿಷಯ ಒಂದೂ ಬಿಡದೆ ಹೇಳಿದೆ. ಇಡೀ ಕೋರ್ಟು ನನ್ನ ಕಡೆ ತಿರುಗಿತು. ಆಯಿತು, ಕಳಿಸಿದರು ಅಂದುಕೊಂಡೆ. ಜಡ್ಜ್ ಕನ್ನಡಕ ತೆಗೆದರು.

“ನಿಮ್ಮ ತಂಗಿ ಕೇಸು ಬೇರೆ, ಇದು ಬೇರೆ ಅಂತ ನೋಡೋಕಾಗುತ್ತಾ ಅಮ್ಮಾ?”

“ಆಗುತ್ತೆ ಸ್ವಾಮಿ. ಅವಳ ಮಾತನ್ನ ಯಾರೂ ಪೂರ್ತಿ ಕೇಳಲಿಲ್ಲ. ನಾನು ಎರಡೂ ಕಡೆಯವರದ್ದು ಪೂರ್ತಿ ಕೇಳ್ತೀನಿ.”

ಇರಲಿ ಅಂದರು.

ಬೀನ್ಸ್ ತಳ ಹಿಡಿದಿತ್ತು. ಎರಡು ತಟ್ಟೆ ತಿಂದೆ, ಇಷ್ಟು ರುಚಿ ಯಾವತ್ತೂ ಹತ್ತಿರಲಿಲ್ಲ. ಯಾರ ಕೇಸು, ಏನು ಕಥೆ ಎಂದು ಆಲ್ಸಿಡ್ ಬೆನ್ನು ಬಿಡಲಿಲ್ಲ. ಮುಗಿಯುವ ತನಕ ಯಾರಿಗೂ ಹೇಳಕೂಡದೆಂದು ಜಡ್ಜ್ ಅಪ್ಪಣೆ.

“ನನಗೂ ಹೇಳಲ್ವಾ?”

“ನಿನಗೂ ಇಲ್ಲ.”

ಹೊಟ್ಟೆ ತುಂಬಿತು, ಮನಸ್ಸೂ.

ಆರೋಪ ಹೊತ್ತ ಆ ಹುಡುಗಿಗೆ ಇಪ್ಪತ್ತೈದೂ ಆಗಿಲ್ಲ. ಒಳಗೆ ಬಂದವಳೇ ಮೊದಲು ನೋಡಿದ್ದು ನಮ್ಮ ಐವರನ್ನು. ಅವಳ ಎಡಗೈಯಲ್ಲಿ

ಬೇಡ. ಪೂರ್ತಿ ಕೇಳುವ ತನಕ ಇಲ್ಲೂ ಒಂದಕ್ಷರ —