ಬದಲಿಗೆ ಹೋದ ಅಣ್ಣ

ಫಸಲಿ ೧೩೨೯, ಭಾದ್ರಪದ ಶುದ್ಧ ಷಷ್ಠಿ. ಸಂಜೆ

ನಿಲಂಗಕ್ಕೆ ಓಡಿ ಟಪಾಲು ಮುಟ್ಟಿಸಿ ಬಂದೆ. ಕಾಸಾರಶಿರಸಿ ಬಿಟ್ಟು ಹೊರಬೀಳುವ ಹೊತ್ತಿಗೇ ಬಲಗಾಲಿನ ಅದೇ ನೋವು. ಮುಳ್ಳಲ್ಲ, ಉಳುಕಲ್ಲ. ಮೊಣಕಾಲಿನ ಕೆಳಗೆ ಒಂದೇ ಜಾಗ. ಭರ್ಚಿಗೆ, ಟಪಾಲಿನವನ ಈಟಿಗೆ, ಕಟ್ಟಿದ ಗೆಜ್ಜೆಯೂ ಕುಂಟುತ್ತಿತ್ತು — ಒಮ್ಮೆ ಜೋರು, ಒಮ್ಮೆ ಮೆತ್ತಗೆ. ಹೊಲದಲ್ಲಿದ್ದವರು ತಲೆಯೆತ್ತಿ ನೋಡಿದರು. ಸಿಟ್ಟು ಬಂತು.

ಅಷ್ಟಮಿ

ಅಪ್ಪ ಯೆಣೆಗೂರಿನಿಂದ ಎಲುಬು ಕೂಡಿಸುವ ಮಾಳವ್ವನನ್ನು ಕರೆಸಿದ. ಹೆಬ್ಬೆರಳಿನಿಂದ ಒತ್ತಿದಳು, ನನ್ನ ಮುಖವನ್ನೇ ನೋಡುತ್ತ.

"ಮುರದಿಲ್ಲ, ಬಿರಕ ಬಿಟ್ಟದ. ನಡೀ, ಬ್ಯಾಡ ಅನ್ನಂಗಿಲ್ಲ. ನೋವ ಇರೋತನಾ ಓಡಬ್ಯಾಡ."

"ಮೆಲ್ಲಕ ಓಡಿದ್ರ?"

"ಮೆಲ್ಲಕ ಮುರೀತದ."

ಅಪ್ಪ ನಕ್ಕ.

ದಶಮಿ

ಟಪಾಲಿನವನು ಮಲಗಿದರೆ ಅವನ ಮನೆಯಿಂದಲೇ ಬದಲಿ ಹೋಗಬೇಕು. ವಾಡಿಕೆ. ನಮ್ಮಲ್ಲಿ ಉಳಿದಿರುವುದು ಅಣ್ಣ ಕಲ್ಯಾಣಪ್ಪ. ಕೂರಿಗೆ ಬಿಟ್ಟು ಬೇರೇನೂ ಹಿಡಿದವನಲ್ಲ.

"ಹಿಂಗಾರಿ ಬಿತ್ತೋ ಹೊತ್ತಿನಾಗ ಮನಿ ಎತ್ತ ಕಳಕೊಂಡಂಗಾತು," ಎಂದ ಅಪ್ಪ, ನನ್ನನ್ನೇ ನೋಡುತ್ತ. ಅಣ್ಣನನ್ನೇ ಎತ್ತು ಎಂದದ್ದು. ಅಣ್ಣನಿಗೂ ತಿಳಿಯಿತು.

ಉದಗೀರದ ಶಾಲೆ ಬಿಟ್ಟು ಬಂದ ದಿನವೂ ಅಪ್ಪ ನನ್ನನ್ನು ಹೀಗೆಯೇ ನೋಡಿದ್ದ. ಉರ್ದು ಹತ್ತಲಿಲ್ಲ. ಹೊಲ ಬೇಡವಾಗಿತ್ತು. ಓಟವೊಂದೇ ಒದಗಿತ್ತು.

ಬಹುಳ ಬಿದಿಗೆ

ಅಣ್ಣ ಏದುಸಿರು ಬಿಡುತ್ತ ಬಂದು ಕಟ್ಟೆಯ ಮೇಲೆ ಬಿದ್ದುಕೊಂಡ. ಸರುಬಾಯಿ ವೈನಿ ಗಂಡನ ಕಾಲಿಗೆ ಎಣ್ಣೆ ತಿಕ್ಕಿದಳು. ನನಗೆ ಒಳಗೊಳಗೇ ಖುಷಿ. ಇದ್ದದ್ದು ಇದ್ದಹಾಗೆ ಬರೆಯುತ್ತೇನೆ.

ಆಶ್ವೀಜ ಶುದ್ಧ ದ್ವಾದಶಿ

ಬಹಳ ದಿನ ಬರೆದಿಲ್ಲ. ಕೂರಿಗೆಯ ಹಿಂದೆ ನಾನೇ. ಅಣ್ಣ ಈಗ ಏದುವುದಿಲ್ಲ. ನಿಲಂಗದ ಸುದ್ದಿ ತರುತ್ತಾನೆ, ನಗುತ್ತಾನೆ. ಜೋಳ ಮೊಳೆಯಿತೇ ಎಂದು ಕೇಳುವುದಿಲ್ಲ.

"ಭರ್ಚಿ ಯಾವಾಗ ಕೊಡ್ತಿ?" ಎಂದೆ.

"ಕಾಲ ನೆಟ್ಟಗಾಗ್ಲಿ, ಕೊಡ್ತೀನಿ. ಹುಟ್ಟಿದಾಗಿಂದ ಎತ್ತಿನ ಬಾಲ ನೋಡೀನಿ. ನೀನೂ ನಾಕ ದಿನ ನೋಡು."

ಬಹುಳ ಪಂಚಮಿ

ಬೆಳಗ್ಗೆ ಬದುವಿನ ಮೇಲೆ ಸ್ವಲ್ಪ ಓಡಿ ನೋಡಿದೆ. ನೋವಿದೆ. ಮೊದಲಿನಷ್ಟಿಲ್ಲ. ಆದರೆ ಇದೆ. ನಿಲ್ಲಿಸಬೇಕು... ನಿಲ್ಲಿಸಿದರೆ ಅಣ್ಣನೇ ಖಾಯಂ ಆಗುತ್ತಾನೆ. ನಾಳೆ ಟಪಾಲಿನ ಮುನ್ಷಿಯ ಹತ್ತಿರ ಹೋಗುತ್ತೇನೆ.

ವೈನಿಗೂ ಅದೇ ಬೇಕು. ಗಂಡ ಹೊಲಕ್ಕೆ ಮರಳಲಿ ಎಂದು. "ಗೆಜ್ಜಿ ಕುಂಟಿದ್ರ ಕೈಲೆ ಅಳ್ಳಾಡ್ಸು, ತಮ್ಮಾ. ಮುನ್ಷಿಗೇನ ತಿಳೀತದ."

ಷಷ್ಠಿ

ಮುನ್ಷಿ ಬೆನ್ನು ತಿರುಗಿಸಿ ಕೂತು "ದೌಡ್" ಎಂದ. ಕಿವಿಯಿಂದಲೇ ನೋಡುವವನು. ಊರ ಅಗಸಿ ಬಾಗಿಲಿನಿಂದ ಕಚೇರಿಯವರೆಗೆ ಓಡಿದೆ. ಹಲ್ಲು ಕಚ್ಚಿ ಎರಡೂ ಕಾಲು ಒಂದೇ ಸಮ ಊರಿದೆ. ಕೈ ಅಲ್ಲಾಡಿಸಲಿಲ್ಲ. ಗೆಜ್ಜೆ ಕುಂಟಲಿಲ್ಲ.

ಮುನ್ಷಿ ತಿರುಗಿದ. "ಶಾಬಾಸ್. ದರ್ದ್ ಹೈ ಕ್ಯಾ?"

ಅಣ್ಣ ಅಲ್ಲೇ ನಿಂತಿದ್ದ. ನೋವು ಇಲ್ಲ ಎಂದರೆ ಮುಗಿಯುತ್ತಿತ್ತು.

"ಅದ ರೀ," ಎಂದೆ.

ಮುನ್ಷಿ ನನ್ನನ್ನು ಹುಚ್ಚನೆಂಬಂತೆ ನೋಡಿ ಭರ್ಚಿಯನ್ನು ಅಣ್ಣನ ಕೈಗೆ ಕೊಟ್ಟ. ಕಾರ್ತಿಕ ಹುಣ್ಣಿಮೆಗೆ ಬಾ, ಆಗಲೂ ನೋವಿದ್ದರೆ ಕಲ್ಯಾಣಪ್ಪನೇ ಖಾಯಂ — ಇಷ್ಟು ಹೇಳಿ ಒಳಗೆ ಹೋದ. ಅಣ್ಣ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ವೈನಿ ರೊಟ್ಟಿ ಹಾಕುತ್ತ ಮುಖವನ್ನೂ ನೋಡಲಿಲ್ಲ. "ಒಂದ ಸುಳ್ಳಿಗಿ ನಿನ್ನ ನಾಲಿಗಿ ಸವೀತಿತ್ತೇನ?"

ಕಾರ್ತಿಕ ಶುದ್ಧ ಚೌತಿ

ಹಬ್ಬ ಮುಗಿಯಿತು. ಅಣ್ಣ ಭರ್ಚಿಗೆ ಹೊಸ ಗೆಜ್ಜೆ ಕಟ್ಟಿದ್ದಾನೆ. ನಾನು ಕಟ್ಟಿದ್ದನ್ನು ಬಿಚ್ಚಿ ಎತ್ತಿನ ಕೊರಳಿಗೆ ಹಾಕಿದ್ದಾನೆ. ದಿನವಿಡೀ ಅದರ ಹಿಂದೆ ನಡೆದೆ.

ಪಂಚಮಿ. ಬೆಳಗ್ಗೆ

ಸುಮ್ಮನೆ ಕೂತಿದ್ದರೆ ಎಲುಬು ಹುಣ್ಣಿಮೆಗೆ ಕೂಡಿಕೊಳ್ಳುತ್ತಿತ್ತು. ಗೊತ್ತಿತ್ತು. ಗೊತ್ತಿದ್ದೂ ಎತ್ತು ಬಿಟ್ಟು ಓಡಿದೆ, ಹಳ್ಳದವರೆಗೆ, ಯಾರಿಗಾಗಿಯೂ ಅಲ್ಲ. ಸುಖವಾಗಿತ್ತು. ಹಳ್ಳದ ಇಳಿಜಾರಿನಲ್ಲಿ ಕಾಲೊಳಗೆ ಚಟಕ್ ಎಂದಿತು. ಬದು ಹಿಡಿದು ಹೇಗೋ ಮನೆ ಸೇರಿದೆ. ಬಾವು ಏರುತ್ತಿದೆ. ಮೇಲೆ ಧೋತರ ಎಳೆದುಕೊಂಡಿದ್ದೇನೆ.

ಅಪ್ಪ ಎತ್ತು ಹುಡುಕಿ ಹೊಡೆದುಕೊಂಡು ಬಂದ. ಅಂಗಳದಿಂದಲೇ ಕೂಗುತ್ತಿದ್ದಾನೆ — "ರೇವಣ್ಯಾ, ಓಡಿದ್ಯೇನ?"

ಒಳಗೆ ಬರುತ್ತಿದ್ದಾನೆ. ಈ ಸಲ ನಾನು ಇಲ್ಲ ಎಂದರೆ...